ತಳದ ದನಿ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಓರ್ಸೊಲಾ ಮಣಿಕಟ್ಟು ಹಿಡಿದು ಎಳೆದಳು, ಮೊಣಕೈ ನೀವಿ ಮಡಚಲು ನೋಡಿದಳು. ಒಲೆಯಿಲ್ಲದ ಕೋಣೆಯಲ್ಲಿ ಮಲಗಿದ್ದ ಗಂಡನ ದೇಹ ಬೆಳಗಾಗುವಷ್ಟರಲ್ಲಿ ಸೆಟೆದುಹೋಗಿತ್ತು. ಕಡೆಗೆ ಅಂಬ್ರೋಜೊ ಅಡುಗೆಮನೆಯಿಂದ ಚಾಕು ತಂದು ಅಂಗಿಯ ಬೆನ್ನಿನ ಹೊಲಿಗೆಯನ್ನು ಕತ್ತಿನಿಂದ ಸೊಂಟದವರೆಗೆ ಬಿಚ್ಚಿದ.

"ಮುಂದಿನಿಂದ ತೊಡಿಸಿಬಿಡೋಣ ಅತ್ತಿಗೆ. ಬೆನ್ನು ಯಾರು ನೋಡ್ತಾರೆ?"

ಓರ್ಸೊಲಾ ಆಗಲೆಂದು ತಲೆಯಾಡಿಸಿದಳು. ಒಳ್ಳೆಯ ಕರಿ ಉಣ್ಣೆಯ ಅಂಗಿ ಅದು. ಮಗಳು ಕನ್ಯಾಮಠ ಸೇರಿದ ದಿನ ತೊಡಲೆಂದು ಹೊಲಿಸಿಕೊಂಡಿದ್ದು. ಆಮೇಲೆ ಈಸ್ಟರ್ ಹಬ್ಬಕ್ಕೂ ಅದನ್ನು ಅವನು ತೊಡಲಿಲ್ಲ. ಪೆಟ್ಟಿಗೆಯಲ್ಲಿ ಮಡಿಕೆ ಕೆಡದೆ ಉಳಿದಿತ್ತು.

ಸತ್ತವನು ಸೆತ್ತಿಮಿಯೊ ರವಲ್ದಿ. ಪೋ ನದಿಯ ಬಯಲಿನಲ್ಲಿರುವ ರೊವಾಸ್ಕೊ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಅರ್ಧ ಆಯುಸ್ಸು ಹಾಡಿನ ಮೇಷ್ಟ್ರಾಗಿದ್ದ. ಪೂಜೆಗೆ ಬೇಕಾದ ಹಾಡು ಕಟ್ಟುವುದು, ಹಾಡುಗಾರರಿಗೆ ಕಲಿಸುವುದು, ತಪ್ಪಿದವರನ್ನು ಕಣ್ಣಲ್ಲೇ ಗದರುವುದು, ಇಷ್ಟೇ ಅವನ ಬದುಕು. ಅಂಬ್ರೋಜೊ ಅವನ ಮೇಳದಲ್ಲಿ ತಳದ ದನಿ ಹಾಡಿದವನು. ನಾಲ್ಕು ದನಿ ಕೂಡಿ ಹಾಡುವಾಗ ಎಲ್ಲಕ್ಕಿಂತ ಕೆಳಗೆ, ನೆಲ ಹಿಡಿದು ನಡೆಯುವ ದನಿ ಅದು. ಪೀಪಾಯಿಯಂಥ ಎದೆ, ಕೆಂಪು ಮೂಗು. ಮೇಷ್ಟ್ರ ಜೊತೆ ಜಗಳಾಡಿಕೊಂಡೇ ಮುದುಕನಾಗಿದ್ದ.

ಹೊರಗೆ ನವೆಂಬರಿನ ಮಂಜು ಬೀದಿಯನ್ನು ನುಂಗಿ ಕೂತಿತ್ತು. ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ.

"ಇವರನ್ನ ಸಂತ ಅಗಾತಳ ಮಠದ ಮುಂದಿಂದ ಕರ್ಕೊಂಡು ಹೋಗ್ಬೇಕು," ಎಂದಳು ಓರ್ಸೊಲಾ, ಗುಂಡಿ ಹಾಕುತ್ತಾ.

ಅಂಬ್ರೋಜೊ ಚಾಕುವನ್ನು ಕಿಟಕಿಯ ಮೇಲಿಟ್ಟ. "ಸಮಾಧಿ ಇರೋದು ಊರಗೋಡೆಯ ನದಿ ಬಾಗಿಲಾಚೆ. ಇಗರ್ಜಿಯಿಂದ ನೆಟ್ಟಗೆ ದಾರಿ. ಮಠದ ಕಡೆ ಹೋದ್ರೆ ಊರೆಲ್ಲ ಸುತ್ತಬೇಕು. ಹೊರೋರು ಒಪ್ಪಲ್ಲ."

"ನಾನು ಹೇಳಿಕಳ್ಸಿದೀನಿ ಮಠಕ್ಕೆ. ಹೊರಗಿನ ಚಾಪೆಲ್ ಬಾಗಿಲು ತೆಗೆದಿಡ್ತಾರಂತೆ. ಒಂದು ಪ್ರಾರ್ಥನೆ ಹಾಡ್ತಾರಂತೆ."

"ಅವಳು ಬರ್ತಾಳಾ?"

"ಕೇಳ್ಲಿಲ್ಲ."

ಅಂಬ್ರೋಜೊ ಸತ್ತವನ ಬೆರಳುಗಳ ನಡುವೆ ಶಿಲುಬೆ ನಿಲ್ಲಿಸಲು ಹೋದ. ಅದು ವಾಲಿ ಬಿತ್ತು. ಮತ್ತೆ ನಿಲ್ಲಿಸಿದ.

ಅಷ್ಟರಲ್ಲಿ ಲೆಲಿಯೊ ಬಂದ. ಒಂದು ಕಾಲಕ್ಕೆ ಸೆತ್ತಿಮಿಯೊನ ಶಿಷ್ಯ. ಈಗ ಇಗರ್ಜಿಯಲ್ಲಿ ಅವನ ಜಾಗದಲ್ಲಿ ಕೂತ ಮೇಷ್ಟ್ರು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು, ಹಾಡುಗಾರರಲ್ಲಿ ಇಬ್ಬರಿಗೆ ಜ್ವರ, ಹೀಗಾಗಿ ಮೇಷ್ಟ್ರ ನಾಲ್ಕು ದನಿಯ ಪೂಜೆಯ ಹಾಡು ಹಾಡಿಸಲು ಆಗುವುದಿಲ್ಲ, ತಾನೇ ಕಟ್ಟಿದ್ದೊಂದಿದೆ, ಆರ್ಗನ್ ಜೊತೆ ಒಬ್ಬನೇ ಹಾಡುವಂಥದ್ದು, ಅದನ್ನು ಹಾಡಿಸಲೇ ಎಂದು ಕೇಳಿದ. ಕೇಳುವ ರೀತಿಯಲ್ಲೇ ಅದು ನಿಶ್ಚಯವಾಗಿಹೋಗಿದೆ ಎಂಬುದು ಗೊತ್ತಾಗುತ್ತಿತ್ತು.

"ಜ್ವರ ಇಲ್ದಿದ್ರೂ ಹಾಡಿಸ್ತಿರ್ಲಿಲ್ಲ ನೀನು," ಎಂದ ಅಂಬ್ರೋಜೊ.

ಲೆಲಿಯೊ ಕೆಂಪಗಾದ. ಈಗ ಜನಕ್ಕೆ ಆ ಹಳೇ ಕಟ್ಟು ಹಿಡಿಸುವುದಿಲ್ಲ, ಪದಗಳು ಕಿವಿಗೆ ಬೀಳಬೇಕು ಅನ್ನುತ್ತಾರೆ, ತಾನೇನು ಮಾಡಲಿ ಎಂದು ಮೆಲ್ಲಗೆ ಹೇಳಿದ. ಓರ್ಸೊಲಾ ಅವನ ಕಡೆ ತಿರುಗದೆ, ಏನು ಬೇಕೋ ಹಾಡಿಸಪ್ಪ ಎಂದಳು.

ಶವ ಹೊರುವ ಸಂಘದವರು ಚಟ್ಟ ತಂದು ಹೊಸ್ತಿಲ ಹೊರಗೆ ಇಳಿಸಿದರು. ತಲೆಯಿಂದ ಕಾಲಿನವರೆಗೆ ಕರಿ ನಿಲುವಂಗಿ, ಮುಖ ಮುಚ್ಚುವ ಕುಲಾವಿ, ಕಣ್ಣಿಗೆ ಎರಡು ತೂತು. ಯಾರು ಯಾರೆಂದು ತಿಳಿಯಬಾರದು ಎನ್ನುವುದು ಆ ಸಂಘದ ನಿಯಮ. ಓರ್ಸೊಲಾ ಅವರ ಮುಂದೆ ನಿಂತು ದಾರಿಯ ವಿಷಯ ಹೇಳಿದಳು. ಅವರಲ್ಲಿ ಹಿರಿಯನಂತಿದ್ದವನು, ಮಂಜಿನಲ್ಲಿ ಆ ಸುತ್ತುದಾರಿ ಆಗದು, ಪಾದ್ರಿಗಳಿಗೆ ಇನ್ನೊಂದು ಸಾವಿದೆ ಎಂದ.

ಮುಂದಿನ ಎಡಗಡೆ ನಿಂತಿದ್ದವನು ತಡೆದ. "ಹೋಗೋಣ," ಎಂದ.

ದನಿ ಗುರುತಾಗಲಿಲ್ಲ. ಆದರೆ ಓರ್ಸೊಲಾ ಅವನ ಕೈ ನೋಡಿದಳು. ಉಗುರಿನ ಸಂದಿ, ಗೆಣ್ಣಿನ ಗೆರೆ ಎಲ್ಲ ನೀಲಿ. ಎಷ್ಟು ತೊಳೆದರೂ ಬಿಡದ, ಬಣ್ಣ ಹಾಕುವವರ ಕೈ.

"ಚೆಸಾರೆ?"

"ನಾನೇ ಅಮ್ಮ. ಕೇಳಿ ಸರದಿ ತಗೊಂಡು ಬಂದೆ."

ನಿಯಮ ಮುರಿದನೆಂದು ಹಿರಿಯವನು ಗೊಣಗಿದ. ಚೆಸಾರೆ ಅವನಿಗೆ ಉತ್ತರ ಕೊಡದೆ ಒಳಗೆ ಬಂದು ಸತ್ತವನ ಹೆಗಲ ಕೆಳಗೆ ಕೈ ಹಾಕಿದ.

*

ಸೆತ್ತಿಮಿಯೊ ಹಗ್ಗ ಹೊಸೆಯುವವನ ಮಗ. ನದಿಯ ದಡದಲ್ಲಿ ಅಪ್ಪ ಸೆಣಬಿನ ಎಳೆಗಳನ್ನು ಹಿಡಿದು ಹಿಂದು ಹಿಂದಕ್ಕೆ ನಡೆಯುತ್ತಾ ಹುರಿ ಮಾಡುವುದನ್ನು ನೋಡುತ್ತಾ ಬೆಳೆದವನು. ಹಾಡಿನ ಮೇಷ್ಟ್ರಾದ ಮೇಲೆ ಕುಡಿದ ಹೊತ್ತಿನಲ್ಲಿ, "ನಾನೂ ಅದೇ ಕಸುಬು ಮಾಡ್ತಿರೋದು, ಸೆಣಬು ಬದ್ಲು ದನಿ ಅಷ್ಟೆ," ಎಂದು ನಗುತ್ತಿದ್ದ. ಅವನ ಹಾಡಿನಲ್ಲಿ ಒಂದು ದನಿ ಹೊರಡುತ್ತದೆ, ಅದು ಒಂದಷ್ಟು ದೂರ ಹೋದ ಮೇಲೆ ಇನ್ನೊಂದು ಅದೇ ಮಾತನ್ನು ಹಿಡಿದು ಹೊರಡುತ್ತದೆ, ಮೂರನೆಯದು ಕಾಯುತ್ತದೆ, ಬರುತ್ತದೆ. ಯಾರೂ ಯಾರ ದಾರಿಯಲ್ಲೂ ನಡೆಯುವುದಿಲ್ಲ. ಆದರೆ ಒಬ್ಬ ಸುಮ್ಮನಾದರೆ ಉಳಿದವರಿಗೆ ಕಾಲೂರಲು ಜಾಗವಿರುವುದಿಲ್ಲ.

ಹರೆಯದಲ್ಲಿ ಅವನು ಪ್ರೇಮದ ಹಾಡುಗಳ ಎರಡು ಪುಸ್ತಕ ಕಟ್ಟಿದ್ದ. ವೆನಿಸ್ಸಿನಲ್ಲಿ ಅಚ್ಚಾಗಿದ್ದವು. ಫೆರಾರಾದ ದೊಡ್ಡವರ ಮನೆಯಲ್ಲಿ ಊಟವಾದ ಮೇಲೆ ಅವನ್ನು ಹಾಡುತ್ತಿದ್ದರೆಂದು ಸುದ್ದಿ ಬಂದಾಗ ಓರ್ಸೊಲಾ ಹೊಸ ಬಸುರಿ. ಮೂರನೆಯ ಪುಸ್ತಕವನ್ನು ಅಚ್ಚಿನವನು ತೆಗೆದುಕೊಳ್ಳಲಿಲ್ಲ. ಈಗ ಈ ಬಗೆ ಯಾರೂ ಕೇಳುವುದಿಲ್ಲ ಎಂದನಂತೆ. ಸೆತ್ತಿಮಿಯೊ ಇಗರ್ಜಿಯ ಕೆಲಸದಲ್ಲಿ ಮುಳುಗಿಹೋದ.

ಹುಟ್ಟಿದ್ದು ಹೆಣ್ಣು. ದಿಯಾನೋರಾ ಎಂದು ಹೆಸರಿಟ್ಟರು. ಮುಂದೆ ಮಕ್ಕಳಾಗಲಿಲ್ಲ. ಹುಡುಗಿ ಮೈನೆರೆಯುವ ಹೊತ್ತಿಗೆ ಅವಳ ದನಿ ಇಳಿಯಿತು. ಇಳಿದದ್ದು ಇಳಿಯುತ್ತಲೇ ಹೋಯಿತು. ಬಾವಿಕಟ್ಟೆಯಲ್ಲಿ ಹೆಂಗಸರು, ಮೇಷ್ಟ್ರ ಮಗಳು ಕರೆದರೆ ಎತ್ತುಗಳು ತಿರುಗಿ ನೋಡುತ್ತವೆ ಎಂದು ನಗಾಡುವರು. ಹುಡುಗಿ ಹೊರಗೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ಒಂದು ಸಂಜೆ ಅವಳು ಪಾತ್ರೆ ತಿಕ್ಕುತ್ತಾ, ಅಪ್ಪ ಬೆಳಿಗ್ಗೆ ಹಾಡುಗಾರರಿಗೆ ಕಲಿಸಿದ್ದ ಹಾಡಿನ ತಳದ ದನಿಯನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಎಲ್ಲರೂ ಗುನುಗುವುದು ಮೇಲಿನ ರಾಗವನ್ನು. ಇವಳು ಅಡಿಯದನ್ನು ಹಿಡಿದಿದ್ದಳು. ಸೆತ್ತಿಮಿಯೊ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಆ ಮುಖವನ್ನು ಓರ್ಸೊಲಾ ಮರೆಯಲಿಲ್ಲ. ಕೆಳಗೆ ಬಿದ್ದ ನಾಣ್ಯವನ್ನು ಬೇರೆ ಯಾರಾದರೂ ನೋಡಿದರೋ ಎಂದು ಸುತ್ತ ನೋಡುವವನ ಹಾಗಿತ್ತು.

ಅಂದಿನಿಂದ ಮನೆಯಲ್ಲಿ ಸಂಜೆಗಳಲ್ಲಿ ಹಾಡು. ಅಂಬ್ರೋಜೊ ಒಮ್ಮೆ ಅವಳ ದನಿ ಕೇಳಿ, ಇವಳು ನನ್ನ ಹೊಟ್ಟೆ ಮೇಲೆ ಹೊಡೀತಾಳೆ ಮೇಷ್ಟ್ರೇ, ನಾನಿನ್ನು ಮೀನು ಮಾರೋಕೆ ಹೋಗ್ತೀನಿ ಎಂದ. ಹುಡುಗಿ ಮೊದಲ ಸಲ ಬಾಯ್ತುಂಬ ನಕ್ಕಳು.

ಚೆಸಾರೆ ಆಗ ಬಣ್ಣದ ಅಂಗಡಿಯವನ ಮಗ. ದಿಯಾನೋರಾ ನೂಲು ಕೊಡಲು ಹೋದಾಗ ಮಾತಾಡಿಸುವನು. ಅವಳ ದನಿಗೆ ಅವನು ನಗುತ್ತಿರಲಿಲ್ಲ. ಒಂದು ದಿನ ಅವನ ಅಪ್ಪನೇ ಬಂದು ಹೆಣ್ಣು ಕೇಳಿದ. ಓರ್ಸೊಲಾ ಒಳಗೊಳಗೇ ಒಪ್ಪಿಬಿಟ್ಟಿದ್ದಳು. ಸೆತ್ತಿಮಿಯೊ ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದ. ಯೋಚನೆ ಆಗಲೇ ಆಗಿತ್ತು. ಇಗರ್ಜಿಯಲ್ಲಿ ಹೆಂಗಸು ಬಾಯಿ ತೆರೆಯುವಂತಿರಲಿಲ್ಲ. ಹೆಂಗಸರು ಹಾಡುವ ಜಾಗ ಊರಲ್ಲಿ ಒಂದೇ, ಸಂತ ಅಗಾತಳ ಕನ್ಯಾಮಠ. ಅಲ್ಲಿನ ಸನ್ಯಾಸಿನಿಯರು ಜಾಲರಿಯ ಹಿಂದೆ ನಿಂತು ಹಾಡುವುದನ್ನು ಕೇಳಲು ಮಾಂತುವಾದಿಂದಲೂ ಜನ ಬರುತ್ತಿದ್ದರು. ಅವರಿಗೆ ಇಲ್ಲದ್ದು ತಳದ ದನಿ ಒಂದೇ. ಆ ಜಾಗವನ್ನು ಒಬ್ಬ ಮುದಿ ಸನ್ಯಾಸಿನಿ ಕೊಳವೆವಾದ್ಯ ಊದಿ ತುಂಬಿಸುತ್ತಿದ್ದಳು.

ರಾತ್ರಿಯೂಟಕ್ಕೆ ಕೂತಾಗ ಸೆತ್ತಿಮಿಯೊ ಮಗಳಿಗೆ ಮಠದ ವಿಷಯ ತಿಳಿಸಿದ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹಾಡೋದು ನಂಗಿಷ್ಟ ಅಪ್ಪ. ಮನೇಲೇ ಹಾಡ್ತೀನಿ. ಆ ಮನೆಗೆ ಹೋದ್ರೂ ಹಾಡ್ತೀನಿ, ಚೆಸಾರೆ ಬೇಡ ಅನ್ನಲ್ಲ."

"ಬಣ್ಣದ ಹಂಡೆ ಮುಂದೆ ಕೂತು ಹಾಡಿದ್ರೆ ಯಾರು ಕೇಳ್ತಾರೆ ಮಗಳೇ?"

"ಅವನು ಕೇಳ್ತಾನೆ."

ಸೆತ್ತಿಮಿಯೊ ನಕ್ಕ. ಕೆಟ್ಟ ನಗುವಲ್ಲ ಅದು. ಮಕ್ಕಳ ಮಾತಿಗೆ ನಗುವ ಹಾಗೆ. ಮಠಕ್ಕೆ ಹೋದರೆ ಅವಳಿಗೆಂದೇ ಬರೆಯುತ್ತೇನೆ, ಇಡೀ ಇಟಲಿಯಲ್ಲಿ ಯಾವ ಹೆಂಗಸಿಗೂ ಯಾರೂ ಬರೆಯದ್ದನ್ನು ಬರೆಯುತ್ತೇನೆ ಎಂದ. ಕಣ್ಣಲ್ಲಿ ನೀರು ತಂದುಕೊಂಡ. ಅಪ್ಪನ ಕಣ್ಣೀರನ್ನು ನೋಡಿರದ ಹುಡುಗಿ ಸೋತಳು. ಓರ್ಸೊಲಾ ಎದ್ದು ಒಲೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ಕೂತಳು.

*

ದೊಡ್ಡ ಇಗರ್ಜಿಯಲ್ಲಿ ಜನ ಹೆಚ್ಚಿರಲಿಲ್ಲ. ಮುಂದಿನ ಸಾಲಿನಲ್ಲಿ ಓರ್ಸೊಲಾ, ಅವಳ ಪಕ್ಕ ಅಂಬ್ರೋಜೊ. ಹಿಂದೆ ನೆರೆಯ ಕೆಲವು ಹೆಂಗಸರು, ಸೆತ್ತಿಮಿಯೊ ಮೊದಲಿಗೆ ಹಾಡು ಕಲಿಸಿದ್ದ, ಈಗ ಬಕ್ಕತಲೆಯ ಇಬ್ಬರು ಮೂವರು, ಚಳಿಗೆ ಒಳಗೆ ಬಂದ ಭಿಕ್ಷುಕರು. ಮಂಜು ಬಾಗಿಲಿನಿಂದ ಒಳಗೂ ನುಸುಳಿ ಮೇಣದ ಬತ್ತಿಗಳ ಸುತ್ತ ಉಂಗುರ ಕಟ್ಟಿತ್ತು.

ಲೆಲಿಯೊನ ಹಾಡು ಶುರುವಾಯಿತು. ಎತ್ತರದ ದನಿಯ ಗಾಯಕ ಒಬ್ಬನೇ ನಿಂತು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ಅಳುವವನ ಹಾಗೆ ಎಳೆದು ಹಾಡಿದ. ಅವನ ಕೆಳಗೆ ಆರ್ಗನ್ ಸುಮ್ಮನೆ ಒತ್ತು ಕೊಡುತ್ತಿತ್ತು. ಹಾಡು ಚೆನ್ನಾಗಿಯೇ ಇತ್ತು. ಹಿಂದಿನ ಹೆಂಗಸರು ಮೂಗೊರೆಸಿಕೊಂಡರು.

"ಇದು ನೋಡು, ಅರ್ಥ ಆಗುತ್ತೆ," ಎಂದು ಒಬ್ಬಳು ಪಿಸುಗುಟ್ಟಿದಳು. "ಮೇಷ್ಟ್ರ ಹಾಡಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದ ಹಾಗಿರ್ತಿತ್ತು. ಯಾರ ಮಾತು ಕೇಳೋದು?"

"ಪಾಪ, ಒಳ್ಳೆಯವ್ರು," ಎಂದಳು ಇನ್ನೊಬ್ಬಳು. "ಮಗಳನ್ನ ದೇವರಿಗೆ ಕೊಟ್ಟೋರು."

ಓರ್ಸೊಲಾಳ ಬೆನ್ನು ನೆಟ್ಟಗಾಯಿತು. ಅಂಬ್ರೋಜೊ ಹಿಂತಿರುಗಿ ನೋಡಿದ; ಹೆಂಗಸರು ಸುಮ್ಮನಾದರು.

ಪೂಜೆ ಮುಗಿದ ಮೇಲೆ ಲೆಲಿಯೊ ಕೆಳಗಿಳಿದು ಬಂದು ಅಂಬ್ರೋಜೊನ ಎದುರು ನಿಂತ. ಬಯ್ಯಿಸಿಕೊಳ್ಳಲು ಬಂದವನ ಹಾಗೆ ನಿಂತಿದ್ದ.

"ಮೇಷ್ಟ್ರು ನಂಗೊಂದ್ಸಲ ಹೇಳಿದ್ರು," ಎಂದ ಲೆಲಿಯೊ. "ನನ್ನ ಹಾಡನ್ನ ಹಾಡಿಸೋಕೆ ಕಷ್ಟಪಡಬೇಡ, ಹೋದ್ರೆ ಹೋಗ್ಲಿ ಅಂತ."

"ಹೇಳಿರ್ತಾರೆ," ಎಂದ ಅಂಬ್ರೋಜೊ. "ಹಾಗೆ ಹೇಳೋಕೆ ಶುರು ಮಾಡಿದ್ಮೇಲೆ ಅವರು ಬದುಕಿದ್ದಿದ್ದು ಅಷ್ಟರಲ್ಲೇ ಇತ್ತು."

ಚಟ್ಟವನ್ನು ಹೆಗಲಿಗೇರಿಸಿದರು. ಲೆಲಿಯೊ ಮೆಟ್ಟಿಲವರೆಗೆ ಬಂದು ನಿಂತುಕೊಂಡ. ಹಾಡುಗಾರರು ಬಿಸಿ ದ್ರಾಕ್ಷಾರಸ ಕುಡಿಯಲು ಆಗಲೇ ಚದುರಿದ್ದರು.

*

ಮಠದಲ್ಲಿ ದಿಯಾನೋರಾಳ ಹೆಸರು ಸೋದರಿ ಪಾಚೀಫಿಕಾ ಎಂದಾಯಿತು. ತಾಯಿ ಮಾತ್ರ ದಿಯಾನೋರಾ ಎಂದೇ ಕರೆಯುತ್ತಿದ್ದಳು.

ಒಳ್ಳೆಯ ಕಾಲ ಬಹಳ ವರ್ಷ ನಡೆಯಿತು. ಸೆತ್ತಿಮಿಯೊ ಮಾತು ಉಳಿಸಿಕೊಂಡ. ಸಂಜೆಯ ಪ್ರಾರ್ಥನೆಗಳು, ಹಬ್ಬಗಳ ಪೂಜೆ, ಕ್ರಿಸ್ತನ ಮರಣದ ವಾರದ ಹಾಡುಗಳು, ಎಲ್ಲವನ್ನೂ ಹೆಂಗಸರ ನಾಲ್ಕು ದನಿಗೆ ಬರೆದ. ಎಲ್ಲದರಲ್ಲೂ ತಳದ ದನಿ ಹಾಡಿನ ಜೀವವಾಗಿತ್ತು. ಬೇರೆಯವರ ಕಟ್ಟಿನಲ್ಲಿ ಆ ದನಿ ಹೊರೆ ಹೊರುವ ಆಳು; ಇವನಲ್ಲಿ ಅದು ಕೇಳುತ್ತಿತ್ತು, ತಡೆಯುತ್ತಿತ್ತು, ಕೆಲವೊಮ್ಮೆ ಉಳಿದೆಲ್ಲ ನಿಂತ ಮೇಲೆ ತಾನೊಂದೇ ಮುಂದೆ ಹೋಗುತ್ತಿತ್ತು. ಭಾನುವಾರ ಸಂಜೆ ಊರವರಿಗೆಂದಿದ್ದ ಹೊರಗಿನ ಚಾಪೆಲ್‌ನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗೋಡೆಯ ಮೇಲಿನ ಜಾಲರಿಯ ಹಿಂದೆ ಯಾರೂ ಕಾಣುತ್ತಿರಲಿಲ್ಲ, ಬೆಳಕು ಅಲುಗುವುದು ಮಾತ್ರ ಕಾಣುತ್ತಿತ್ತು. ಇದು ಗಂಡಸಿನ ದನಿಯೇ, ಯಾವನನ್ನೋ ಒಳಗೆ ಅಡಗಿಸಿದ್ದಾರೆ ಎಂದು ಹೊರಗಿನವರು ಪಂತ ಕಟ್ಟುತ್ತಿದ್ದರು. ಸೆತ್ತಿಮಿಯೊ ಕಂಬಕ್ಕೊರಗಿ ಕಣ್ಣುಮುಚ್ಚಿ ಕೂರುವನು. ಆ ಹೊತ್ತಿನಲ್ಲಿ ಅವನು ಸುಖಿ. ಓರ್ಸೊಲಾ ಪಕ್ಕದಲ್ಲಿ ಕೂತು, ಮಗಳಿಗೆ ಚಳಿಗೆ ಬೆಚ್ಚನೆಯ ಕಾಲುಚೀಲ ಇದೆಯೋ ಇಲ್ಲವೋ ಎಂದು ಯೋಚಿಸುವಳು.

ತಿಂಗಳಿಗೊಮ್ಮೆ ಮಾತಿನ ಕೋಣೆಯಲ್ಲಿ ಭೇಟಿ. ಜಾಲರಿಯ ಆಚೆ ದಿಯಾನೋರಾ, ಈಚೆ ಅಪ್ಪ ಅಮ್ಮ. ಅಪ್ಪ ಮಗಳು ಹಾಡಿನ ಮಾತೇ ಆಡುವರು. ಒಂದು ಕಡೆ ಉಸಿರು ಸಾಲುವುದಿಲ್ಲ ಎಂದು ಅವಳು ಹೇಳಿದರೆ ಅವನು ಅಲ್ಲೇ ತಿದ್ದುವನು. ಮಗಳು ದಪ್ಪಗಾಗಿದ್ದಳು, ಹುಷಾರಾಗಿದ್ದಳು, ಒಮ್ಮೊಮ್ಮೆ ನಗುತ್ತಿದ್ದಳು. ತಾನು ಅಂದು ಒಲೆಯ ಮುಂದೆ ಕೂತು ಅತ್ತದ್ದು ತಪ್ಪಿರಬೇಕೆಂದು ಓರ್ಸೊಲಾಳಿಗೂ ಅನ್ನಿಸತೊಡಗಿತ್ತು.

ಆಮೇಲೆ ಹೊಸ ಬಿಷಪ್ಪರು ಬಂದರು. ಕಟ್ಟುನಿಟ್ಟಿನ ಮನುಷ್ಯ. ಸನ್ಯಾಸಿನಿಯರ ಹಾಡು ಕೇಳಲು ಗಂಡಸರು ಮುಗಿಬೀಳುವುದು ಅವರಿಗೆ ಸರಿಬರಲಿಲ್ಲ. ಮಠದಲ್ಲಿ ಇನ್ನು ಹಲವು ದನಿಯ ಹಾಡು ಕೂಡದು, ಎಲ್ಲರೂ ಒಂದೇ ಹಳೆಯ ರಾಗದಲ್ಲಿ ಹಾಡಬೇಕು, ಇಲ್ಲವೇ ಒಬ್ಬಳೇ ಹಾಡಬೇಕು ಎಂದು ಅಪ್ಪಣೆ ಹೊರಡಿಸುವ ಯೋಚನೆಯಲ್ಲಿದ್ದರು. ಹೊರಡಿಸುವ ಮುಂಚೆ ಊರ ಹಿರಿಯರನ್ನು ಕರೆಸಿ ಕೇಳಿದರು. ಸೆತ್ತಿಮಿಯೊನನ್ನೂ ಕರೆಸಿದರು. ಮಠ ನಡೆಸುವ ತಾಯಿ ಹಿಂದಿನ ದಿನವೇ ಅವನಿಗೆ ಹೇಳಿಕಳಿಸಿದ್ದಳು, ನೀವು ಒಂದು ಮಾತು ಆಡಿದರೆ ಉಳಿಯಬಹುದು ಎಂದು.

ಅವನು ಮನೆಯಿಂದ ಹೊರಡುವಾಗ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹೊರಟ. ಬಿಷಪ್ಪರ ಕೋಣೆಯಲ್ಲಿ ದೊಡ್ಡ ಮೇಜು, ಸುತ್ತ ಮರ್ಯಾದಸ್ಥರು. ಅವನ ಕೆಲಸ ಕೊಟ್ಟಿದ್ದು ಅವರೇ, ಕಿತ್ತುಕೊಳ್ಳಬಲ್ಲವರೂ ಅವರೇ. ಮೇಷ್ಟ್ರೇ, ನಿಮ್ಮ ಅಭಿಪ್ರಾಯ ಏನು ಎಂದು ಬಿಷಪ್ಪರು ಮೃದುವಾಗಿಯೇ ಕೇಳಿದರು. ಸೆತ್ತಿಮಿಯೊ ತನ್ನ ಬೂಟಿನ ಮೇಲಿನ ಕೆಸರು ನೋಡಿದ. ತಮಗೆ ತಿಳಿಯದ್ದು ನನಗೇನು ತಿಳಿದೀತು ಎಂದ. ಅಷ್ಟೇ. ಅಪ್ಪಣೆ ಆ ವಾರವೇ ಹೊರಟಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ.

"ನಾನು ಹೇಳಿದ್ರೂ ನಿಲ್ತಿರ್ಲಿಲ್ಲ," ಎಂದ.

"ನಿಲ್ತಿರ್ಲಿಲ್ಲ," ಎಂದಳು ಓರ್ಸೊಲಾ. "ಹೇಳಬಹುದಿತ್ತು."

ಮುಂದಿನ ಭೇಟಿಗೆ ಇಬ್ಬರೂ ಹೋದರು. ದಿಯಾನೋರಾ ಬಂದು ಜಾಲರಿಯ ಆಚೆ ಕೂತಳು. ಒಂದೇ ರಾಗದ ಹಾಡು ಅವಳ ದನಿಗೆ ಎತ್ತರವಾಗುತ್ತಿತ್ತು. ಸುಮ್ಮನೆ ತುಟಿ ಆಡಿಸು, ಪುಸ್ತಕದ ಹಾಳೆ ತಿರುವು ಎಂದು ಒಳಗೆ ಹೇಳಿದ್ದರಂತೆ. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಹವೆಯ ಮಾತಾಡುವವಳ ಹಾಗೆ ಹೇಳಿದಳು.

"ಅಪ್ಪ, ನನ್ನನ್ನ ಇಲ್ಲಿಗೆ ತಂದು ಬಿಟ್ಟಿದ್ದು ಹಾಡೋಕೆ ಅಂತ. ಈಗ ನಾನಿಲ್ಲಿ ಏನು ಮಾಡ್ಲಿ, ನೀವೇ ಹೇಳಿ."

ಸೆತ್ತಿಮಿಯೊ ಬಾಯಿ ತೆರೆದ. ಓರ್ಸೊಲಾ ಕಾದಳು, ಆಚೆ ಕೂತವಳೂ ಕಾದಳು. ದಿಯಾನೋರಾ ಎದ್ದು ಒಳಗೆ ಹೋದಳು. ಮತ್ತೆ ಅವನು ಹೋದ ದಿನ ಅವಳು ಜಾಲರಿಗೆ ಬರಲಿಲ್ಲ. ತಾಯಿ ಒಬ್ಬಳೇ ಹೋದರೆ ಬರುತ್ತಿದ್ದಳು.

ಸೆತ್ತಿಮಿಯೊ ಆದರೂ ಭಾನುವಾರದ ಸಂಜೆ ಚಾಪೆಲ್‌ಗೆ ಹೋಗುವುದನ್ನು ಬಿಡಲಿಲ್ಲ. ಈಗ ಅಲ್ಲಿ ಜಾಗ ಬೇಕಾದಷ್ಟಿತ್ತು. ಒಳಗಿನಿಂದ ಒಂದೇ ರಾಗ ಬರುತ್ತಿತ್ತು, ಅದರಲ್ಲಿ ಮಗಳ ದನಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಇಗರ್ಜಿಗೆ ಅವನು ಬರೆಯುತ್ತಲೇ ಇದ್ದ, ಆದರೆ ಹಾಡುಗಳು ಬದಲಾದವು. ತಳದ ದನಿ ಬಡವಾಯಿತು; ಒಂದೇ ಸ್ವರವನ್ನು ಹಿಡಿದು ನಿಲ್ಲುವುದು, ಮೌನವಾಗುವುದು, ಮತ್ತೆ ಅದೇ ಸ್ವರ. ನನಗೆ ಹಾಡೋಕೆ ಏನೂ ಇಟ್ಟಿಲ್ಲವಲ್ಲ ಎಂದು ಅಂಬ್ರೋಜೊ ಜಗಳ ತೆಗೆದಾಗ, "ಬರ್ತಿಲ್ಲ ಕಣೋ," ಎಂದಷ್ಟೇ ಹೇಳಿದ. ಜಗಳವನ್ನೇ ಬದುಕು ಮಾಡಿಕೊಂಡಿದ್ದ ಅಂಬ್ರೋಜೊ ಆಮೇಲೆ ಅದರ ಸುದ್ದಿಗೆ ಹೋಗಲಿಲ್ಲ.

ಕಳೆದ ತಿಂಗಳು ಓರ್ಸೊಲಾ ಮಠಕ್ಕೆ ಹೋಗಿ, ಅಪ್ಪ ಹಾಸಿಗೆ ಹಿಡಿದಿದ್ದಾರೆ ಎಂದಳು.

"ಕೆಮ್ಮು ಇದೆಯಾ?" ಎಂದು ಕೇಳಿದಳು ಮಗಳು.

"ಇದೆ."

ದಿಯಾನೋರಾ ಮುಂದೇನೂ ಕೇಳಲಿಲ್ಲ. ಅಷ್ಟನ್ನೇ ಓರ್ಸೊಲಾ ಮನೆಗೆ ಬಂದು ಗಂಡನಿಗೆ ಹೇಳಿದಳು, ಅವಳು ನಿಮ್ಮ ಕೆಮ್ಮಿನ ವಿಷಯ ಕೇಳಿದಳು ಎಂದು. ಅವನು ಗೋಡೆಯ ಕಡೆಗೆ ಹೊರಳಿ ಮಲಗಿ, ಸಂಜೆವರೆಗೆ ಕೆಮ್ಮನ್ನು ತಡೆದುಕೊಳ್ಳಲು ನೋಡಿದ.

*

ಮಂಜಿನಲ್ಲಿ ಚಟ್ಟ ನಿಧಾನವಾಗಿ ಸಾಗಿತು. ಮುಂದೆ ಘಂಟೆ ಆಡಿಸುವವನು, ಅವನ ಹಿಂದೆ ಚಿಕ್ಕ ಪಾದ್ರಿ. ಈ ಸುತ್ತುದಾರಿಯಿಂದ ಅವನ ಮುಖ ಗಂಟಾಗಿತ್ತು. ಓರ್ಸೊಲಾ ಅಂಬ್ರೋಜೊನ ತೋಳು ಹಿಡಿದು ನಡೆದಳು. ಬಣ್ಣದ ಅಂಗಡಿಗಳ ಬೀದಿಯಲ್ಲಿ ಚರಂಡಿಯ ನೀರು ಕೆಂಪಗೆ ಹರಿಯುತ್ತಿತ್ತು. ಚೆಸಾರೆಯ ಅಂಗಡಿಯ ಬಾಗಿಲಲ್ಲಿ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ಶಿಲುಬೆಯ ಗುರುತು ಹಾಕಿಕೊಂಡಳು. ನಾಲ್ಕು ಕುಲಾವಿಗಳಲ್ಲಿ ತನ್ನ ಗಂಡನದು ಯಾವುದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಮಠದ ಹೊರಗಿನ ಚಾಪೆಲ್ ಬಾಗಿಲು ತೆರೆದಿತ್ತು. ಒಳಗೆ ಒಂದೇ ದೀಪ. ಚಟ್ಟವನ್ನು ವೇದಿಕೆಯ ಮುಂದೆ ನೆಲದ ಮೇಲೆ ಇಳಿಸಿದರು. ಪಾದ್ರಿ ಪವಿತ್ರ ಜಲ ಚಿಮುಕಿಸಿ, ಬೇಗ ಬೇಗ ಓದಬೇಕಾದ್ದನ್ನು ಓದಿ, ಮೇಲಿನ ಜಾಲರಿಯ ಕಡೆ ನೋಡಿ ತಲೆಯಾಡಿಸಿದ. ಜಾಲರಿಯ ಹಿಂದೆ ಬಟ್ಟೆ ಸರಿದಾಡಿದ ಸದ್ದಾಯಿತು.

ಓರ್ಸೊಲಾ ಹಳೆಯ ರಾಗಕ್ಕೆ ಕಾದಳು. ಸತ್ತವರಿಗೆ ಎಲ್ಲರೂ ಹಾಡುವುದು, ಅವಳಿಗೂ ಬಾಯಿಗೆ ಬರುವಂಥದ್ದು.

ಅದು ಬರಲಿಲ್ಲ. ಒಂದು ದನಿ ಕೆಳಗಿನಿಂದ, ನೆಲದಡಿಯಿಂದ ಎದ್ದ ಹಾಗೆ ಎದ್ದಿತು. ವಯಸ್ಸಾದ ದನಿ. ಬಳಸದೆ ಬಿಟ್ಟ ಬಾಗಿಲಿನ ಹಾಗೆ ಶುರುವಿನಲ್ಲಿ ಕರಕರ ಎಂದಿತು, ಆಮೇಲೆ ತೆರೆದುಕೊಂಡಿತು. ಅದಕ್ಕೆ ರಾಗವೆಂಬುದೇ ಇರಲಿಲ್ಲ. ಎರಡು ಸ್ವರ ಇಳಿಯಿತು, ಒಂದರ ಮೇಲೆ ನಿಂತಿತು, ದೊಡ್ಡದಾಗಿ ಒಂದು ಹೆಜ್ಜೆ ಹತ್ತಿತು.

ಅಂಬ್ರೋಜೊನ ತೋಳು ಬಿಗಿಯಾದದ್ದು ಓರ್ಸೊಲಾಳಿಗೆ ತಿಳಿಯಿತು. ಅವನು ಬಗ್ಗಿ ಅವಳ ಕಿವಿಯಲ್ಲಿ, ಅಪ್ಪಣೆಗೆ ಎಷ್ಟೋ ಮುಂಚೆ ಮಠದ ಹಿಂದಿನ ದೊಡ್ಡ ತಾಯಿ ತೀರಿಕೊಂಡಾಗ ಮೇಷ್ಟ್ರು ಕಟ್ಟಿದ್ದು ಇದು, ನಾಲ್ಕು ದನಿಯದ್ದು, ಅದರ ತಳದ್ದು ಮಾತ್ರ ಹಾಡುತ್ತಿದ್ದಾಳೆ ಎಂದ. ಅಪ್ಪಣೆಯಲ್ಲಿ ಒಬ್ಬಳೇ ಹಾಡಬಹುದು ಎಂದಿತ್ತು. ಯಾವ ದನಿಯನ್ನು ಎಂದು ಅದರಲ್ಲಿ ಬರೆದಿರಲಿಲ್ಲ.

ದನಿ ನಿಂತಿತು.

ಚಾಪೆಲ್ ಮೌನವಾಯಿತು. ಹೊರಗೆ ಎಲ್ಲೋ ಗಾಡಿಯೊಂದರ ಚಕ್ರ ಕಲ್ಲಿನ ಮೇಲೆ ಉರುಳಿಹೋಯಿತು. ಓರ್ಸೊಲಾ ಜಾಲರಿಯನ್ನೇ ನೋಡುತ್ತಿದ್ದಳು. ಅಳು ಬಂದು ನಿಲ್ಲಿಸಿರಬೇಕು ಎಂದುಕೊಂಡಳು. ಪಾದ್ರಿ ಸ್ವಲ್ಪ ಕಾದು, ಪುಸ್ತಕ ಮುಚ್ಚಿ, ಹೊರುವವರಿಗೆ ಕೈಸನ್ನೆ ಮಾಡಿದ. ಅವರು ಬಗ್ಗಿ ಚಟ್ಟದ ಹಿಡಿಗಳನ್ನು ಹಿಡಿದು ಎತ್ತಿದರು. ಇನ್ನೂ ಸೊಂಟದ ಮಟ್ಟಕ್ಕೆ ಬಂದಿತ್ತಷ್ಟೆ, ಮೇಲಿನಿಂದ ದನಿ ಮತ್ತೆ ಹಿಡಿದುಕೊಂಡಿತು.

ಪಾದ್ರಿ ತಿರುಗಿ ನೋಡಿದ. ದನಿ ಸ್ವಲ್ಪ ದೂರ ನಡೆಯಿತು, ಮತ್ತೆ ನಿಂತಿತು. ಪಾದ್ರಿ ಸಿಡುಕಿನಿಂದ ಬಾಗಿಲ ಕಡೆ ಕೈ ತೋರಿಸಿದ.

"ನಿಲ್ಲಿ ಸ್ವಾಮಿ," ಎಂದ ಅಂಬ್ರೋಜೊ. "ಮುಗಿದಿಲ್ಲ."

"ಸುಮ್ಮನಾದಳಲ್ಲ."

"ತಳದ ದನಿ ಕಾಯೋ ಜಾಗ ಇದು. ಈಗ ಉಳಿದ ಮೂವರು ಹಾಡ್ತಿದಾರೆ."

ಪಾದ್ರಿಗೆ ಅರ್ಥವಾಗಲಿಲ್ಲ. ಮುದುಕನಿಗೆ ದುಃಖದಿಂದ ತಲೆ ಕೆಟ್ಟಿದೆ ಎಂದುಕೊಂಡನೋ ಏನೋ, ಮಾತು ಬೆಳೆಸದೆ ನಿಂತ. ಹೊರುವವರು ಎತ್ತಲೋ ಇಳಿಸಲೋ ತಿಳಿಯದೆ ಹಾಗೇ ನಿಂತರು, ಚಟ್ಟ ಹೆಗಲಿಗೂ ಇಲ್ಲ ನೆಲಕ್ಕೂ ಇಲ್ಲ. ಹಿಂದಿನವನೊಬ್ಬ ಇಳಿಸಲು ಬಗ್ಗಿದ. ಮುಂದಿದ್ದ ಚೆಸಾರೆ ಬಗ್ಗಲಿಲ್ಲ, ಹಿಂದಿನವನೂ ಮತ್ತೆ ನೆಟ್ಟಗಾದ. ಮೇಲೆ ದನಿ ಬಂತು, ಹೋಯಿತು. ಮೌನ ಉದ್ದವಾಯಿತು. ಹಿಡಿಯ ಸುತ್ತ ನೀಲಿ ಬೆರಳುಗಳು ನಡುಗತೊಡಗಿದವು, ಆ ನಡುಕ ಮರದಗುಂಟ ಹೋಗಿ ಸತ್ತವನ ಕರಿ ಅಂಗಿಯ ತೋಳು ಸಣ್ಣಗೆ ಅಲುಗುತ್ತಿತ್ತು. ಯಾರೂ ಇಳಿಸಲಿಲ್ಲ.